ಕೈಗವಸು ಹಾಕಿದರ ಅವಮಾನವೇನು?

ಒಬ್ಬರ ರಕ್ತ ಮುಟ್ಟೋ ಮುಂದ ಕೈಗವಸು ಹಾಕಿಕೊಂಡರೆ ಅವರಿಗೆ ಅವಮಾನ ಮಾಡಿದಂಗ ಆಗತೈತೇನು? ನಮ್ಮ ಜತ್ತ ಸೀಮಿಯೊಳಗ ಇದು ಸಣ್ಣ ಪ್ರಶ್ನೆ ಅಲ್ಲ. ‘ಮುಟ್ಟಬ್ಯಾಡ, ಸರಿದು ನಿಲ್ಲು’ ಅನ್ನೋ ಮಾತು ಕೇಳಿ ನೊಂದವರು ನಮ್ಮೊಳಗ ಬಾಳ ಮಂದಿ ಇದ್ದಾರ. ಅಂಥವರು ನರ್ಸಬಾಯಾರು ಕೈಗವಸು ಏರಿಸಿದ ಕೂಡಲೆ ಮುಖ ಸಣ್ಣ ಮಾಡತಾರ. ಅದು ಸಹಜ.

ಆದರ ವಿಚಾರ ಮಾಡ್ರಿ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಈ ಮೂರೂ ರಕ್ತದಾಗ ಇದ್ದರೂ ಎಷ್ಟೋ ವರ್ಷ ಮೈಮ್ಯಾಲ ಗುರುತು ಕಾಣಂಗಿಲ್ಲ. ಮುಖ ನೋಡಿ, ಜಾತಿ ಕೇಳಿ ಹೇಳಾಕ ಬರಂಗಿಲ್ಲ. ಅದಕ್ಕ 1987ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು, ಯಾರದೇ ರಕ್ತ ಇರಲಿ, ರೋಗ ಐತಿ ಅಂತ ತಿಳಕೊಂಡೇ ಕೈ ಹಚ್ಚಬೇಕು ಅಂದರು. 1991ರಲ್ಲಿ ಅಲ್ಲಿ ಅದು ಕಾಯ್ದೆ ಆತು, ಸಂಶೋಧನೆಯ ಲ್ಯಾಬಿಗೂ ಬಂತು. ಈ ವೈರಸ್ ಬೆಳೆಸಿ ಅಭ್ಯಾಸ ಮಾಡುವಲ್ಲಿ ಕೆಲಸ ನಡೆದಾಗ ಬಾಗಿಲ ಮುಚ್ಚಿರಬೇಕು, ಕೊಳವಿಗೆ ಬಾಯಿ ಹಚ್ಚಿ ಎಳೀಬಾರದು. ಬಳಸಿದ ಸೂಜಿ ಚುಚ್ಚಿ ಹೊರಬರದಂಥ ಗಟ್ಟಿ ಡಬ್ಬ್ಯಾಗ ಹೋಗಬೇಕು. ಹೆಪಟೈಟಿಸ್ ಬಿ ಲಸಿಕೆ ಮಾಲಕರೇ ಪುಕ್ಕಟೆ ಕೊಡಬೇಕು, ರಕ್ತ ತಾಗುವ ಕೆಲಸ ಇದ್ದರ ನೆಲ ಒರೆಸುವವರಿಗೂ.

ನನಗ ಇದರಾಗ ಧರ್ಮ ಕಾಣತೈತಿ. ಒಬ್ಬನ್ನೇ ಆರಿಸಿ ಅನುಮಾನ ಪಟ್ಟರ ಅದು ಅವಮಾನ. ಗೌಡರ ರಕ್ತಕ್ಕೂ ಕೂಲಿಯವನ ರಕ್ತಕ್ಕೂ ಅದೇ ಕೈಗವಸು ಅಂದರ ಅಲ್ಲಿ ಮೇಲು ಕೀಳು ಉಳಿಯಂಗಿಲ್ಲ. ರೋಗ ಗೊತ್ತಿದ್ದವನಿಗಷ್ಟೇ ಹಾಕಿದರ ಅವನಿಗೆ ಹೆಸರಿಟ್ಟಂಗ ಆಗತೈತಿ, ರೋಗ ಗೊತ್ತಿಲ್ಲದವನಿಂದ ಅಪಾಯನೂ ತಪ್ಪಂಗಿಲ್ಲ.

‘ನನಗೇನೂ ಆಗಂಗಿಲ್ಲ’ ಅಂತ ಬರಿಗೈಲೆ ಹೋಗೋದು ಧೈರ್ಯ ಅಲ್ಲ. ಮನ್ಯಾಗ ಹೆಂಡತಿ ಮಕ್ಕಳು ಇರತಾರ. ಸೂಜಿ ಚುಚ್ಚಿದರ ಮುಚ್ಚಿಡಬಾರದು. ಎಚ್‌ಐವಿ ತಡೆಯೋ ಗುಳಿಗಿ 72 ತಾಸಿನೊಳಗ, ಎಷ್ಟು ಲಗೂ ಆದರ ಅಷ್ಟು ಚಲೋ, ಶುರು ಮಾಡಿ 28 ದಿನ ತಗೋಬೇಕು. ಮೇಲಿನವರು ಬೈದರ ಕೆಳಗಿನವರು ಮುಚ್ಚಿಡತಾರ. ಆ ಪಾಪ ಬೈದವರದು.

ಇನ್ನೊಂದು ಮಾತು. ಕೈಗವಸು ಹಾಕಿದ್ದೇ ದೂರ ನಿಲ್ಲಾಕ ನೆವ ಆಗಬಾರದು. ನಮ್ಮ ದೇಶದ 2017ರ ಎಚ್‌ಐವಿ ಕಾಯ್ದೆ ರಕ್ತದ ಕೆಲಸದವರಿಗೆ ರಕ್ಷಣೆ ಕೊಡ್ರಿ ಅಂತೈತಿ, ರೋಗಿಗೆ ಭೇದ ಮಾಡಬ್ಯಾಡ್ರಿ, ಒಪ್ಪಿಗಿ ಇಲ್ಲದ ಅವರ ಮ್ಯಾಲ ಸಂಶೋಧನೆ ಮಾಡಬ್ಯಾಡ್ರಿ ಅಂತನೂ ಹೇಳತೈತಿ. ಎರಡೂ ಕೂಡಿದರನೇ ನ್ಯಾಯ.

ನಾನು ಡೊಳ್ಳಿನ ಪದ ಹಾಡಾವ, ಏಳನೆತ್ತೆ ಕಲಿತಾವ. ಜಾತ್ರ್ಯಾಗ ಒಂದೇ ಸೂಜಿಲೆ ಹತ್ತು ಮಂದಿಗೆ ಹಚ್ಚಿ ಹಾಕೋದು ಕಂಡರ ಈಗ ಸುಮ್ಮನ ಹಾಯಂಗಿಲ್ಲ. ‘ಅಣ್ಣಾ, ಮಂದಿಗೊಂದು ಹೊಸ ಸೂಜಿ ತಗಿ’ ಅಂತೀನಿ. ಮಾಸ್ತರರು ಸಾಲ್ಯಾಗ ಹುಡುಗರಿಗೂ ಇದನ್ನ ಹೇಳಬೇಕು.