ಗಾಜಿನ ಮನೆಯ ಹಸಿವು

ಒಂದು ಜೀವಿಯನ್ನು ಮೆಚ್ಚಿಕೊಂಡ ಮಾತ್ರಕ್ಕೆ ಅದನ್ನು ಸಾಕುವ ಹಕ್ಕು ನಮಗೆ ದೊರೆಯುತ್ತದೆಯೇ? ಮನೆಯಲ್ಲಿ ಸಮುದ್ರದ ಉಪ್ಪುನೀರಿನ ತೊಟ್ಟಿಯಿಟ್ಟು, ಅದರಲ್ಲಿ ಹವಳ ಬೆಳೆಸಿ, ಮೀನು ಬಿಡುವ ಹವ್ಯಾಸ ಇಂದು ಜಗತ್ತಿನ ಹಲವು ದೇಶಗಳಲ್ಲಿದೆ. ಈ ಹವ್ಯಾಸಿಗಳು ಬಹಳ ಆಸೆಪಡುವ ಮೀನುಗಳಲ್ಲಿ ಮ್ಯಾಂಡರಿನ್ ಒಂದು. ಮೇಲಿನ ಪ್ರಶ್ನೆಗೆ ಉತ್ತರ ಹುಡುಕುವವರು ಈ ಪುಟ್ಟ ಮೀನಿನ ಹೊಟ್ಟೆಯತ್ತ ಒಮ್ಮೆ ನೋಡಬೇಕು.

ಮ್ಯಾಂಡರಿನ್ ಮೀನು ನಮ್ಮ ಬೆರಳಿನಷ್ಟು ಉದ್ದ. ಆರೇಳು ಸೆಂಟಿಮೀಟರ್ ಮಾತ್ರ. ಜಪಾನಿನ ದಕ್ಷಿಣದ ದ್ವೀಪಗಳಿಂದ ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳ ಮೂಲಕ ಆಸ್ಟ್ರೇಲಿಯಾದವರೆಗೆ ಹವಳದ ದಿಬ್ಬಗಳ ತಳದಲ್ಲಿ ಅದರ ವಾಸ. ಕಡುನೀಲಿ ಮೈಮೇಲೆ ಕಿತ್ತಳೆ ಬಣ್ಣದ ಅಲೆಯಲೆಯಾದ ಗೆರೆಗಳು. ಹಿಂದಿನ ಚೀನಾದ ಅಧಿಕಾರಿಗಳು ತೊಡುತ್ತಿದ್ದ ರೇಷ್ಮೆ ನಿಲುವಂಗಿಯನ್ನು ನೆನಪಿಸುವುದರಿಂದ ಅದಕ್ಕೆ ಈ ಹೆಸರು. ಅದರ ಮೈಯಲ್ಲಿ ಹುರುಪೆಗಳಿಲ್ಲ, ಲೋಳೆಯೇ ಹೊದಿಕೆ. ಅದು ನೀರಿನ ಮೇಲ್ಭಾಗದಲ್ಲಿ ಈಜುವ ಮೀನಲ್ಲ. ತಳದ ಕಲ್ಲುಗಳ ನಡುವೆ ತೆವಳಿದಂತೆ ಸಾಗುತ್ತಾ, ಕೋಪಿಪಾಡ್ ಮುಂತಾದ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿಗಳನ್ನು ಒಂದೊಂದಾಗಿ ಹೆಕ್ಕಿ ತಿನ್ನುತ್ತದೆ. ಹಗಲಿಡೀ ಅದಕ್ಕೆ ಇದೇ ಕೆಲಸ. ಸಂಜೆಗತ್ತಲಲ್ಲಿ ಗಂಡು ಹೆಣ್ಣುಗಳು ಜೊತೆಯಾಗಿ ಸ್ವಲ್ಪ ಮೇಲೇರಿ, ನೀರಿನಲ್ಲಿ ಮೊಟ್ಟೆ ಬಿಟ್ಟು ಮತ್ತೆ ತಳಕ್ಕಿಳಿಯುತ್ತವೆ.

ಇಂತಹ ಮೀನನ್ನು ಗಾಜಿನ ತೊಟ್ಟಿಗೆ ತಂದಾಗ ಏನಾಗುತ್ತದೆ? ಅಂಗಡಿಯಲ್ಲಿ ಸಿಗುವ ಒಣ ಆಹಾರವನ್ನೂ ಹೆಪ್ಪುಗಟ್ಟಿಸಿದ ಸಿಗಡಿಯನ್ನೂ ಒಡೆಯ ದಿನವೂ ಹಾಕುತ್ತಾನೆ. ಉಳಿದ ಮೀನುಗಳು ಮುಗಿಬಿದ್ದು ತಿನ್ನುತ್ತವೆ. ಸಮುದ್ರದಿಂದ ಹಿಡಿದು ತಂದ ಹೆಚ್ಚಿನ ಮ್ಯಾಂಡರಿನ್‌ಗಳು ಅದನ್ನು ಆಹಾರವೆಂದೇ ಗುರುತಿಸುವುದಿಲ್ಲ. ತೊಟ್ಟಿಯ ಕಲ್ಲುಗಳಲ್ಲಿರುವ ಸೂಕ್ಷ್ಮಜೀವಿಗಳು ಕೆಲವೇ ವಾರಗಳಲ್ಲಿ ಮುಗಿಯುತ್ತವೆ. ಆಮೇಲೂ ಅದು ಹೆಕ್ಕುತ್ತಲೇ ಇರುತ್ತದೆ, ಆದರೆ ಬಾಯಿಗೆ ಏನೂ ಸಿಗುವುದಿಲ್ಲ. ಹೊಟ್ಟೆ ಒಳಕ್ಕೆ ಅಂಟುತ್ತದೆ. ಬಣ್ಣವನ್ನು ನೋಡಿ ಕೊಂಡವನ ಕಣ್ಣು ಹೊಟ್ಟೆಯ ಕಡೆ ಹೋಗುವುದು ತಡವಾಗಿ. ಆಹಾರ ಬೀಳುತ್ತಿರುವ ತೊಟ್ಟಿಯಲ್ಲೇ ಅದು ಹಸಿವಿನಿಂದ ಸಾಯುತ್ತದೆ.

ಬೆಕ್ಕನ್ನು ಕೂಡಿಹಾಕಿ ಸಾಯಿಸಿದ ಕಾರಣಕ್ಕೆ ಶಿಕ್ಷೆಗೊಳಗಾದ ಮಹಿಳೆಯ ಬಗ್ಗೆ ಪ್ರವಾದಿ ಮುಹಮ್ಮದ್(ಸ)ರು ಹೇಳಿದ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿದೆ. ಅದನ್ನು ನಾವು ಹಲವು ಬಾರಿ ಕೇಳಿದ್ದೇವೆ. ಆದರೆ ಅದರಲ್ಲಿರುವ ಆರೋಪ ಯಾವುದೆಂಬುದನ್ನು ಗಮನಿಸಬೇಕು. ಆಕೆ ಬೆಕ್ಕನ್ನು ಹೊಡೆದಳೆಂದು ಅಲ್ಲಿ ಹೇಳಿಲ್ಲ. ತಾನೂ ಉಣಿಸಲಿಲ್ಲ, ನೆಲದ ಮೇಲಿನ ಹುಳುಹುಪ್ಪಟೆಗಳನ್ನು ತಾನಾಗಿ ತಿಂದುಕೊಳ್ಳಲೂ ಬಿಡಲಿಲ್ಲ ಎಂಬುದೇ ಅವಳ ಅಪರಾಧ. ಭೂಮಿಯ ಮೇಲಿನ ಪ್ರತಿಯೊಂದು ಜೀವಿಯ ಅನ್ನಾಧಾರದ ಹೊಣೆ ಅಲ್ಲಾಹನದ್ದೆಂದು ಕುರ್‌ಆನ್ (11:6) ಸಾರುತ್ತದೆ. ಸಮುದ್ರದ ತಳದಲ್ಲಿ ಆ ಅನ್ನಾಧಾರ ಹರಡಿಕೊಂಡಿದೆ. ಜೀವಿಯನ್ನು ಹಿಡಿದು ತಂದು ಕೂಡಿಹಾಕುವವನು ಅದಕ್ಕೂ ಅದರ ಅನ್ನಾಧಾರಕ್ಕೂ ನಡುವೆ ಗೋಡೆಯಾಗಿ ನಿಲ್ಲುತ್ತಾನೆ. ಆ ಗೋಡೆ ಗಾಜಿನದಾದರೂ ಗೋಡೆಯೇ.

"ನಾನು ದಿನವೂ ಆಹಾರ ಹಾಕಿದ್ದೇನೆ" ಎಂದು ಒಡೆಯ ಹೇಳಬಹುದು. ಅದು ನಿಜವೂ ಹೌದು. ಆದರೆ ಆಹಾರ ಹಾಕುವುದು ಬೇರೆ, ಹಸಿವು ನೀಗಿಸುವುದು ಬೇರೆ. ತಿನ್ನಲಾಗದ್ದನ್ನು ಮುಂದಿಟ್ಟರೆ ಕೊಟ್ಟವನ ಮನಸ್ಸಿಗೆ ಸಮಾಧಾನವಾದೀತು, ಹಸಿದ ಜೀವಕ್ಕೆ ಏನೂ ಸಿಕ್ಕಿದಂತಾಗಲಿಲ್ಲ. ಇಲ್ಲಿ ಕಾರುಣ್ಯಕ್ಕೆ ಅರಿವು ಬೇಕು. ತನ್ನ ವಶಕ್ಕೆ ತೆಗೆದುಕೊಳ್ಳುವ ಜೀವಿಗೆ ಏನು ಬೇಕೆಂದು ಮೊದಲೇ ತಿಳಿದುಕೊಳ್ಳುವುದು ಕಾರುಣ್ಯದ ಮೊದಲ ಹೆಜ್ಜೆ. ತಿಳಿಯುವ ದಾರಿ ತೆರೆದಿರುವಾಗ "ನನಗೆ ಗೊತ್ತಿರಲಿಲ್ಲ" ಎಂಬ ಮಾತಿಗೆ ಬೆಲೆಯಿಲ್ಲ.

ಹಾಗಾದರೆ ಪ್ರಾಣಿಗಳನ್ನು ಸಾಕುವುದೇ ತಪ್ಪೇ? ಖಂಡಿತ ಅಲ್ಲ. ಅಬೂ ಉಮೈರ್ ಎಂಬ ಬಾಲಕ ಸಾಕಿದ್ದ ಪುಟ್ಟ ಹಕ್ಕಿಯ ಬಗ್ಗೆ ಪ್ರವಾದಿ(ಸ)ರು ಅವನನ್ನು ಪ್ರೀತಿಯಿಂದ ವಿಚಾರಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಸರಿಯಾಗಿ ಆಹಾರ ಕೊಟ್ಟು ನೋಡಿಕೊಳ್ಳುವುದಾದರೆ ಹಕ್ಕಿಯನ್ನು ಸಾಕಬಹುದೆಂದು ವಿದ್ವಾಂಸರು ಅದರಿಂದ ಅರ್ಥೈಸಿದ್ದಾರೆ. ಅನುಮತಿ ಇದೆ, ಆದರೆ ಹೊಣೆಯೊಂದಿಗೆ ಇದೆ.

ಕರಾವಳಿಯ ನಮ್ಮ ಮನೆಗಳಲ್ಲಿ ಮೀನಿಲ್ಲದ ಊಟ ಅಪರೂಪ. ಕೊಂದು ತಿನ್ನುವವರು ಒಂದು ತೊಟ್ಟಿಯ ಮೀನಿಗಾಗಿ ಮರುಗುವುದೇಕೆ ಎಂದು ಕೇಳುವವರಿದ್ದಾರೆ. ಸಮುದ್ರದ ಬೇಟೆಯನ್ನು ಕುರ್‌ಆನ್ (5:96) ನಮಗೆ ಆಹಾರವಾಗಿ ಧರ್ಮಸಮ್ಮತಗೊಳಿಸಿದೆ. ಅಲ್ಲೊಂದು ಅಗತ್ಯವಿದೆ, ಸಾವು ಅಲ್ಲಿಗೇ ಮುಗಿಯುತ್ತದೆ. ಕಣ್ಣಿನ ಸುಖಕ್ಕಾಗಿ ವಾರಗಟ್ಟಲೆ ಹಸಿವಿನಲ್ಲಿಡುವುದನ್ನು ಅದರೊಂದಿಗೆ ಹೋಲಿಸಲಾಗದು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಲ್ಲಿ ಈ ಬಣ್ಣದ ಮೀನುಗಳನ್ನು ಹಿಡಿದು ಬದುಕುವ ಬಡ ಕುಟುಂಬಗಳಿವೆ. ಕೊಳ್ಳುವವರೆಲ್ಲ ಒಮ್ಮೆಲೇ ಹಿಂಜರಿದರೆ ಅವರ ಒಲೆ ಆರುತ್ತದೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ 1960ರ ದಶಕದಿಂದ ಫಿಲಿಪ್ಪೀನ್ಸ್‌ನಲ್ಲಿ ಅಲಂಕಾರಿಕ ಮೀನುಗಳಿಗೆ ಮತ್ತು ಬರಿಸಲು ಸಯನೈಡ್ ಬಳಸಿದ್ದರಿಂದ ಹವಳವೂ ಸತ್ತಿತು, ಮೀನುಗಾರನ ನಾಳೆಯ ಅನ್ನವೂ ಕಡಿಮೆಯಾಯಿತು. ಹಸಿದು ಸಾಯುವ ಮೀನಿನ ಬದಲಿಗೆ ಮತ್ತೊಂದು ಕೊಳ್ಳುವ ಮಾರುಕಟ್ಟೆ ಯಾರನ್ನೂ ಬಹುಕಾಲ ಪೋಷಿಸಲಾರದು. ಬಾಳುವ ಜಾತಿಗಳನ್ನು ಬಲೆಯಿಂದ ಹಿಡಿದ ಮೀನುಗಾರನಿಗೆ ಹೆಚ್ಚು ಬೆಲೆ ಕೊಡುವುದೇ ಅವನಿಗೆ ಮಾಡುವ ನಿಜವಾದ ನ್ಯಾಯ.

ಇಷ್ಟಾಗಿಯೂ ಮ್ಯಾಂಡರಿನ್ ಸಾಕಲೇಬೇಕೆನ್ನುವವರಿಗೆ ದಾರಿ ಮುಚ್ಚಿಲ್ಲ. ಸುಮಾರು ಮುನ್ನೂರು ಲೀಟರಿನ, ಸಾಕಷ್ಟು ಸಮುದ್ರದ ಕಲ್ಲುಗಳಿರುವ ತೊಟ್ಟಿಯನ್ನು ಹಲವು ತಿಂಗಳು ಪಳಗಿಸಿ, ಕೋಪಿಪಾಡ್‌ಗಳು ತುಂಬಿಕೊಂಡ ಮೇಲಷ್ಟೇ ಮೀನು ಬಿಡಬೇಕೆಂದು ಅನುಭವಿಗಳು ಹೇಳುತ್ತಾರೆ. ತೊಟ್ಟಿಯಲ್ಲೇ ಹುಟ್ಟಿ ಬೆಳೆದು, ಸಿದ್ಧ ಆಹಾರಕ್ಕೆ ಒಗ್ಗಿಕೊಂಡ ಮ್ಯಾಂಡರಿನ್‌ಗಳೂ ಈಗ ಕೆಲವು ದೇಶಗಳಲ್ಲಿ ಸಿಗುತ್ತವೆ. ನಮ್ಮ ದೇಶದಲ್ಲಂತೂ ಹವಳಗಳಿಗೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ ಎಂಬುದನ್ನು ಹವ್ಯಾಸಿಗಳು ಮರೆಯಬಾರದು. ತಿಂಗಳುಗಟ್ಟಲೆ ಖಾಲಿ ತೊಟ್ಟಿಯನ್ನು ನೋಡುತ್ತಾ ಕಾಯುವ ತಾಳ್ಮೆ ಇಲ್ಲದವರು ಆ ಮೀನನ್ನು ಚಿತ್ರದಲ್ಲಿ ನೋಡಿ ಸೃಷ್ಟಿಕರ್ತನನ್ನು ಸ್ತುತಿಸಿದರೆ ಸಾಕು.

ನಮ್ಮ ವಶದಲ್ಲಿರುವ ಪ್ರತಿಯೊಂದರ ಬಗ್ಗೆಯೂ ನಾಳೆ ನಮ್ಮನ್ನು ವಿಚಾರಿಸಲಾಗುವುದು ಎಂಬುದು ನಮ್ಮ ನಂಬಿಕೆ. ಆಗ ನಾವು ಎಷ್ಟು ಮೆಚ್ಚಿದ್ದೆವು ಎಂಬುದಷ್ಟೇ ಲೆಕ್ಕಕ್ಕೆ ಬಾರದು. ಬೆರಳುದ್ದದ ಆ ಮೀನಿನ ಹೊಟ್ಟೆ ತುಂಬಿತ್ತೇ ಎಂಬುದಕ್ಕೂ ನಾವು ಉತ್ತರ ಕೊಡಬೇಕಾಗುತ್ತದೆ.