ಪೊರೆ

ಬುತ್ತಿಯ ಗಂಟು ಬಿಚ್ಚಿದಾಗ ವಾಸನೆಯಿಂದಲೇ ಗುರುತು ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಆಸ್ಪತ್ರೆಯ ಜಗಲಿಯಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದ ಹೆಂಗಸು ಕಪ್ಪಗಿನ ದಪ್ಪ ರೊಟ್ಟಿಯೊಂದನ್ನು ಮುರಿದು ಅರ್ಧ ನನ್ನ ಕೈಗಿಟ್ಟರು. ‘ಮಡುವಾ’ ಅಂದರು. ಬಾಯಿಗೆ ಹಾಕಿಕೊಂಡ ಮೇಲೆ ತಿಳಿಯಿತು: ರಾಗಿ! ಜೊತೆಗಿದ್ದ ‘ಗಹತ್’ ಅನ್ನುವ ಕಾಳು ನಮ್ಮ ಹುರುಳಿ. ಅದನ್ನು ತಿಂದರೆ ಕಿಡ್ನಿಯ ಕಲ್ಲು ಕರಗುತ್ತದೆ ಎಂಬ ನಂಬಿಕೆಯೂ ನಮ್ಮದೇ. ಮೈಸೂರು ಕಡೆಯಿಂದ ರೈಲು, ಜೀಪು ಹತ್ತಿಳಿದು ಸುಮಾರು 6,400 ಅಡಿ ಎತ್ತರಕ್ಕೆ ಬಂದಿದ್ದು ಹಿಮಾಲಯ ನೋಡಲಿಕ್ಕೆ. ಮೊದಲು ಸಿಕ್ಕಿದ್ದು ರಾಗಿ ರೊಟ್ಟಿ.

ಊರು ಮಾಯಾವತಿ. ಉತ್ತರಾಖಂಡದ ಚಂಪಾವತ್ ಜಿಲ್ಲೆ, ಲೋಹಾಘಾಟ್‌ನಿಂದ ದೇವದಾರು ಕಾಡಿನ ಒಳಗೆ ಒಂಬತ್ತು ಕಿಲೋಮೀಟರ್. ವಿವೇಕಾನಂದರ ಇಂಗ್ಲಿಷ್ ಶಿಷ್ಯರಾದ ಕ್ಯಾಪ್ಟನ್ ಸೇವಿಯರ್ ಮತ್ತು ಅವರ ಹೆಂಡತಿ ಇಲ್ಲಿದ್ದ ಹಳೆಯ ಚಹಾ ತೋಟವೊಂದನ್ನು ಕೊಂಡು 1899ರ ಮಾರ್ಚಿನಲ್ಲಿ ಅದ್ವೈತ ಆಶ್ರಮ ಶುರುಮಾಡಿದರು. ಮಾರನೇ ವರ್ಷವೇ ಕ್ಯಾಪ್ಟನ್ ಇಲ್ಲೇ ತೀರಿಕೊಂಡರು. ಅವರ ಇಚ್ಛೆಯಂತೆ ಹಿಂದೂ ರೀತಿಯಲ್ಲಿ ಹೊಳೆದಂಡೆಯಲ್ಲಿ ದಹನವಾಯಿತು. ಅವರ ಹೆಂಡತಿಯನ್ನು ಸಮಾಧಾನಪಡಿಸಲು ವಿವೇಕಾನಂದರು 1901ರ ಜನವರಿಯಲ್ಲಿ ಹಿಮದಲ್ಲಿ ಬೆಟ್ಟ ಹತ್ತಿ ಬಂದರು. ಆಸ್ಪತ್ರೆ ಆರಂಭವಾದದ್ದು 1903ರಲ್ಲಿ. ಅದರ ಆಚೀಚಿನ ವರ್ಷಗಳಲ್ಲಿ ಈ ಸೀಮೆಯಲ್ಲಿ ಒಂದು ನರಭಕ್ಷಕ ಹೆಣ್ಣುಹುಲಿ ಓಡಾಡುತ್ತಿತ್ತು. 1907ರಲ್ಲಿ ಜಿಮ್ ಕಾರ್ಬೆಟ್ ಅದನ್ನು ಹೊಡೆಯುವ ಹೊತ್ತಿಗೆ ನೇಪಾಳದಲ್ಲೂ ಇಲ್ಲೂ ಸೇರಿ 436 ಜನರನ್ನು ತಿಂದಿತ್ತೆಂದು ಅವರ ಲೆಕ್ಕ. ಮದ್ದಿಗಾಗಿ ಕಾಡುದಾರಿ ಹಿಡಿದವರ ಗುಂಡಿಗೆಯನ್ನು ನೆನೆದರೆ, ನನ್ನ ಜೀಪಿನ ವಾಂತಿಯ ಕತೆ ಹೇಳಲು ನಾಚಿಕೆಯಾಗುತ್ತದೆ.

ತಲುಪಿದ ದಿನ ಅಮ್ಮನಿಗೆ ಫೋನ್ ಮಾಡಿದೆ. ‘ದೇವರ ದರ್ಶನ ಆಯ್ತಾ?’ ಅಂದಳು. ‘ಇಲ್ಲಿ ದೇವರಿಲ್ಲಮ್ಮ. ಮೂರ್ತಿ ಇಲ್ಲ, ಫೋಟೋಗೆ ಪೂಜೆ ಇಲ್ಲ, ಮಂಗಳಾರತಿ ಇಲ್ಲ’ ಅಂದೆ. ‘ಹಾಗಾದ್ರೆ ಅಷ್ಟು ದೂರ ಯಾತಕ್ಕೆ ಹೋದೆ?’ ಅಂತ ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಇಲ್ಲಿ ಅದ್ವೈತ ಮಾತ್ರ ಇರಬೇಕು, ಹೊರಗಿನ ಪೂಜೆ ಕೂಡದು ಎಂಬುದು ಮೊದಲಿನಿಂದ ಬಂದ ಕಟ್ಟಳೆ. ಒಂದು ಕೋಣೆಯಲ್ಲಿ ಗುರು ರಾಮಕೃಷ್ಣರ ಚಿತ್ರವಿಟ್ಟು ಪೂಜೆ ನಡೆಸುತ್ತಿದ್ದುದನ್ನು ಕಂಡು ವಿವೇಕಾನಂದರು ಅಸಮಾಧಾನಪಟ್ಟರಂತೆ. ಆಮೇಲೆ ಅದು ನಿಂತಿತು. ತನ್ನ ಗುರುವಿನ ಪಟಕ್ಕೂ ಜಾಗ ಕೊಡದಷ್ಟು ಪಟ್ಟು! ಗಂಟೆ ಸದ್ದಿಲ್ಲದ ಆಶ್ರಮದಲ್ಲಿ ಬೆಳಗಿನ ಮೊದಲ ಸದ್ದೆಂದರೆ ಆಸ್ಪತ್ರೆಯ ಮುಂದೆ ಸಾಲು ನಿಲ್ಲುವವರ ಕೆಮ್ಮು.

ಕಣ್ಣಿನ ಶಿಬಿರ ನಡೆದಿತ್ತು. ಬಯಲುಸೀಮೆಯಿಂದ ಬಂದ ಡಾಕ್ಟರುಗಳು ಒಳಗೆ, ನನ್ನಂಥ ಕೈಯಾಳುಗಳು ಹೊರಗೆ. ಚೀಟಿಯಲ್ಲಿ ಹೆಸರು, ವಯಸ್ಸು, ಯಾವ ಕಣ್ಣು ಅಂತ ಬರೆಯುವುದು. ಆ ಕಣ್ಣಿನ ಹುಬ್ಬಿನ ಮೇಲೊಂದು ಪ್ಲಾಸ್ಟರ್ ತುಂಡು ಅಂಟಿಸುವುದು. ಕಣ್ಣಪಾಪೆ ಹಿಗ್ಗುವ ತನಕ ಮತ್ತೆ ಮತ್ತೆ ಔಷಧಿ ಹನಿ ಬಿಡುವುದು. ಎರಡೆಂಬುದೇ ಇಲ್ಲ ಎನ್ನುವ ಆಶ್ರಮದಲ್ಲಿ ಎಡ ಯಾವುದು ಬಲ ಯಾವುದು ಎಂದು ಬೇರೆ ಮಾಡುವುದೇ ನನ್ನ ಸೇವೆ. ಸೇವೆ ಅನ್ನುವ ಮಾತೂ ದೊಡ್ಡದಾಯಿತು. ನಿಜ ಹೇಳಬೇಕೆಂದರೆ ಶಿಬಿರ ಒಂದು ನೆಪ. ನವೆಂಬರಿನಲ್ಲಿ ಆಕಾಶ ತಿಳಿಯಾಗಿರುತ್ತದೆ, ನಂದಾದೇವಿ, ತ್ರಿಶೂಲ, ಪಂಚಚೂಲಿ ಎಲ್ಲ ಕಾಣುತ್ತವೆ ಅಂತ ಕೇಳಿಯೇ ಹೆಸರು ಕೊಟ್ಟಿದ್ದೆ. ನಾಲ್ಕು ದಿನಕ್ಕೆ ಬರುವ ನಾವು ಮೊಬೈಲಿನಲ್ಲಿ ಚಿತ್ರ ತುಂಬಿಕೊಂಡು ಹೋಗುತ್ತೇವೆ. ಆಮೇಲಿನ ಹನಿ, ಆಮೇಲಿನ ಕೆಂಪು, ಆಮೇಲಿನ ನೋವು ಎಲ್ಲ ಅಲ್ಲೇ ಉಳಿಯುವ ದಾದಿಯರ ಪಾಲಿಗೆ. ಆಸ್ಪತ್ರೆ ನಡೆಯುವುದು ಅವರಿಂದ.

ರೊಟ್ಟಿ ಕೊಟ್ಟಾಕೆಯ ಅತ್ತೆಗೇ ಆ ದಿನ ಆಪರೇಷನ್. ಇಲ್ಲಿ ಅಜ್ಜಿಗೆ ‘ಆಮಾ’ ಅನ್ನುತ್ತಾರೆ. ರಸ್ತೆಯಿಂದ ಬಹಳ ಕೆಳಗಿದ್ದ ಹಳ್ಳಿಯಿಂದ ಮೊಮ್ಮಗನ ಹೆಗಲು ಹಿಡಿದು ಹತ್ತಿ ಬಂದಿದ್ದರು. ಬಲಗಣ್ಣಿನ ಪೊರೆ ಪೂರಾ ಬಲಿತಿತ್ತು. ಪಾಪೆಯ ಜಾಗದಲ್ಲಿ ಹಾಲಿನ ತೊಟ್ಟು ನಿಂತ ಹಾಗೆ. ಹಿಂದಿಯಲ್ಲಿ ಇದಕ್ಕೆ ಮೋತಿಯಾಬಿಂದ್ ಅನ್ನುತ್ತಾರೆ, ಮುತ್ತಿನ ಹನಿ. ಕುರುಡಿಗೆ ಇಷ್ಟು ಚಂದದ ಹೆಸರು ಯಾಕೆ ಅಂತ ಅವತ್ತು ಅವರ ಕಣ್ಣು ನೋಡಿದಾಗ ಗೊತ್ತಾಯಿತು. ನಮ್ಮ ಮಾತು ಇನ್ನೂ ವಿಚಿತ್ರ. ಹಾವು ಕಳಚುವುದೂ ಪೊರೆ, ಕಣ್ಣು ಮುಚ್ಚುವುದೂ ಪೊರೆ, ‘ನನ್ನನ್ನು ಪೊರೆ’ ಎಂದು ದೇವರ ಮುಂದೆ ಕೈಮುಗಿಯುವಾಗಲೂ ಅದೇ ಪದ. ಹನಿ ಬಿಡುತ್ತ ಕೂತವರಿಗೆ ಇಂಥದ್ದೆಲ್ಲ ಹೊಳೆಯುತ್ತದೆ, ಬೇರೆ ಕೆಲಸ ಏನಿದೆ?

ನನ್ನ ಅಜ್ಜಿಗೆ ಪೊರೆ ತೆಗೆದದ್ದು ಡಾಕ್ಟರ್ ಎಂ.ಸಿ. ಮೋದಿಯವರ ಶಿಬಿರದಲ್ಲಿ. ಬೀಳಗಿಯಲ್ಲಿ ಹುಟ್ಟಿದ ಆ ಮನುಷ್ಯ ಊರೂರಿಗೆ ಹೋಗಿ ಶಾಲೆ, ಛತ್ರಗಳನ್ನೇ ಆಸ್ಪತ್ರೆ ಮಾಡಿದವರು. ತಿರುಪತಿಯಲ್ಲಿ ಒಂದೇ ದಿನ 833 ಕಣ್ಣುಗಳ ಪೊರೆ ತೆಗೆದವರು. ಅವರಿಗೆ ದೇವರ ಹಾಗೆ ಅಡ್ಡಬೀಳುತ್ತಿದ್ದ ಜನರ ನಡುವೆ ನಾನು ಅಜ್ಜಿಯ ಚೊಂಬು ಹಿಡಿದು ನಿಂತಿದ್ದೆ. ಆಗ ಒಳಗೆ ಮಸೂರ ಕೂರಿಸುತ್ತಿರಲಿಲ್ಲ, ಪೊರೆ ತೆಗೆದು ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದರು. ಅದು ಎಲ್ಲವನ್ನೂ ಕಾಲು ಭಾಗ ದೊಡ್ಡದು ಮಾಡಿ ತೋರಿಸುತ್ತದೆ. ಅಜ್ಜಿ ಅದನ್ನು ಹಾಕಿಕೊಂಡು ಹೇಳಿದ ಮೊದಲ ಮಾತು: ‘ಎಲ್ಲಾರೂ ಎಷ್ಟು ಹತ್ರ ಬಂದ್ಬಿಟ್ರಲ್ಲೋ!’

ಈಗ ಆಮಾರ ಕಣ್ಣಿಗೆ ಸೇರುತ್ತಿದ್ದ ಆ ಪುಟ್ಟ ಮಸೂರದ ಕತೆಯೂ ಕಡಿಮೆಯದಲ್ಲ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಮುಚ್ಚಳ ಒಡೆದು, ಆ ಪ್ಲಾಸ್ಟಿಕ್ ಗಾಜಿನ ಚೂರುಗಳು ಬ್ರಿಟಿಷ್ ಪೈಲಟ್‌ಗಳ ಕಣ್ಣಿಗೆ ಹೊಕ್ಕವು. ಕಣ್ಣಿಗೆ ಬಿದ್ದ ಕಸ ಕಣ್ಣನ್ನು ಕೆರಳಿಸಬೇಕು. ಇವು ತೆಪ್ಪಗೆ ಕೂತಿದ್ದವು. ಅದನ್ನು ಗಮನಿಸಿದ ಹೆರಾಲ್ಡ್ ರಿಡ್ಲಿ 1949ರಲ್ಲಿ ಲಂಡನ್ನಿನಲ್ಲಿ ಅದೇ ಬಗೆಯ ಪ್ಲಾಸ್ಟಿಕ್ಕಿನಿಂದ ಮಸೂರ ಮಾಡಿ ಕಣ್ಣೊಳಗೆ ಕೂರಿಸಿದರು. ಯಾವುದೋ ಯುದ್ಧದ ಗಾಯ ಈ ಕಾಡಿನ ಮುದುಕಿಗೆ ಬೆಳಕಾಗಲು ಎಷ್ಟು ಸುತ್ತು ಹೊಡೆದಿದೆ ಅಂದುಕೊಂಡು, ಹುಬ್ಬಿನ ಪ್ಲಾಸ್ಟರು ಬಲಗಡೆಯೇ ಇದೆಯಲ್ಲ ಅಂತ ಇನ್ನೊಮ್ಮೆ ನೋಡಿದೆ.

ಮಾರನೇ ಬೆಳಿಗ್ಗೆ ಪಟ್ಟಿ ಬಿಚ್ಚುವ ಹೊತ್ತು. ನಾವು ಕೈಯಾಳುಗಳು ಒಂದು ಏರ್ಪಾಟು ಮಾಡಿಕೊಂಡಿದ್ದೆವು. ಬಿಸಿಲು ಬಿದ್ದು ಹಿಮದ ಸಾಲು ಹೊಳೆಯುವ ಸಮಯಕ್ಕೆ ಸರಿಯಾಗಿ ಆಮಾರನ್ನು ಜಗಲಿಗೆ ಕರೆತರಬೇಕು, ಅವರು ಮೊದಲು ಅದನ್ನೇ ನೋಡಬೇಕು, ನಾವು ಅವರ ಮುಖ ನೋಡಬೇಕು. ಪಟ್ಟಿ ತೆಗೆದ ದಾದಿ ಬೆರಳೆಣಿಸಿ ಕೇಳಿದರು, ಆಮಾ ಸರಿಯಾಗಿ ಹೇಳಿದರು. ಹೊರಗೆ ಕರೆತಂದೆವು. ತ್ರಿಶೂಲ ಬೆಳ್ಳಿಯ ಹಾಗೆ ನಿಂತಿತ್ತು. ಅವರು ಒಂದು ಸಲ ಆ ಕಡೆ ತಿರುಗಿ, ‘ಹಾಂ, ಇದೆ’ ಅಂದರು. ಇಲ್ಲದೆ ಎಲ್ಲಿಗೆ ಹೋಗುತ್ತದೆ ಅನ್ನುವ ಧಾಟಿ. ಆಮೇಲೆ ಮೊಮ್ಮಗನ ಕಡೆ ತಿರುಗಿದವರು ಅವನ ತೋಳನ್ನು ಹಿಡಿದೆಳೆದರು.

ಹುಡುಗನ ಸ್ವೆಟರಿನ ಮೈ ಕಪ್ಪು. ಬಲತೋಳೂ ಕಪ್ಪು. ಎಡತೋಳು ಮಾತ್ರ ಮೊಣಕೈಯಿಂದ ಕೆಳಗೆ ಗಾಢ ನೀಲಿ. ನಾನು ಹಿಂದಿನ ದಿನದಿಂದ ಅದನ್ನು ನೋಡಿಯೂ ನೋಡಿರಲಿಲ್ಲ. ಆಮಾ ನೂಲನ್ನು ಕಣ್ಣ ಹತ್ತಿರ ತಂದರು, ದೂರ ಹಿಡಿದರು, ಕಪ್ಪಿನ ಪಕ್ಕಕ್ಕಿಟ್ಟು ನೋಡಿದರು. ಹಿಂದಿನ ಚಳಿಗಾಲದಲ್ಲಿ ಅವರೇ ಹೆಣೆದದ್ದು. ಒಂದು ಉಂಡೆ ಮುಗಿದು ಇನ್ನೊಂದು ಎತ್ತಿಕೊಂಡಾಗ ಅದೂ ಕಪ್ಪೇ ಅಂದುಕೊಂಡಿದ್ದರು. ಪೊರೆ ಬಲಿಯುತ್ತ ಹೋದಂತೆ ಮೊದಲು ಸಾಯುವ ಬಣ್ಣಗಳಲ್ಲಿ ನೀಲಿ ಒಂದು. ಮಸೂರ ಹಳದಿಗಟ್ಟಿ ಅದನ್ನು ನುಂಗುತ್ತದೆ. ಪೊರೆ ಹೋದ ದಿನ ಮೈಮೇಲೆ ಬಂದಂತೆ ಮರಳುವುದೂ ಅದೇ ನೀಲಿ.

ಸೊಸೆಯನ್ನು ಕರೆದು ಜಗಲಿ ಅದುರುವಂತೆ ಬೈದರು. ಕುಮಾವೂನಿ ನನಗೆ ಬಾರದು, ಬೈಗುಳಕ್ಕೆ ಭಾಷೆ ಬೇಕಿಲ್ಲ. ಒಂದು ಚಳಿಗಾಲವಿಡೀ, ಮಗ, ಸೊಸೆ, ಮೊಮ್ಮಗ, ಅಕ್ಕಪಕ್ಕದವರು, ಯಾರೂ ಒಂದು ಮಾತು ಹೇಳಿರಲಿಲ್ಲ. ಹುಡುಗ ಅದನ್ನೇ ಹಾಕಿಕೊಂಡು ದಿನವೂ ಶಾಲೆಗೆ ಹೋಗಿದ್ದ. ಯಾಕಪ್ಪಾ ಹೇಳಲಿಲ್ಲ ಅಂತ ಹಿಂದಿಯಲ್ಲಿ ಕೇಳಿದೆ. ‘ಬೆಚ್ಚಗೇ ಇತ್ತಲ್ಲ’ ಅಂದ.

ಬೆರಗು ಎಂದರೆ ಬಾಯಿ ತೆರೆದು ಆಕಾಶ ನೋಡುವುದು ಅಂದುಕೊಂಡು ಬಂದವರಿಗೆ ಇದನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಕಾಣದವರ ಮುಂದೆ ಒಂದು ಮನೆ, ಒಂದು ಓಣಿ ತನಗೂ ಕಾಣದ ಹಾಗೆ ಇದ್ದುಬಿಟ್ಟಿತ್ತು. ಯಾರೂ ಕೂತು ಮಾತಾಡಿಕೊಂಡು ತೀರ್ಮಾನಿಸಿದ್ದಲ್ಲ. ಆಸ್ಪತ್ರೆಯ ಹಿಂದಿನ ಆಶ್ರಮದಲ್ಲಿ ನೂರಿಪ್ಪತ್ತು ವರ್ಷಗಳಿಂದ ಓದಿ ಚರ್ಚಿಸುತ್ತ ಬಂದಿರುವ ‘ಎರಡಿಲ್ಲ’ ಎಂಬ ಮಾತು ಇದನ್ನೇ ಹೇಳುತ್ತದೋ ಏನೋ, ನಾನು ಪಂಡಿತನಲ್ಲ. ನಂದಾದೇವಿಯ ನಲವತ್ತೊಂದು ಚಿತ್ರ ತೆಗೆದುಕೊಂಡಿದ್ದೆ. ಆ ತೋಳಿನ ಒಂದನ್ನೂ ತೆಗೆಯಲಿಲ್ಲ.

ಮಧ್ಯಾಹ್ನ ಜೀಪು ಬರುವಷ್ಟರಲ್ಲಿ ಆಮಾ ಆ ತೋಳನ್ನು ಬಿಚ್ಚಲು ಕೂತಿದ್ದರು. ನೂಲಿನ ತುದಿ ಹುಡುಕಿ ನಾಲ್ಕು ಸಾಲು ಎಳೆದೂ ಆಗಿತ್ತು. ದಾದಿ ಓಡಿಬಂದು ಕಿತ್ತುಕೊಂಡು, ತಲೆ ಬಗ್ಗಿಸಕೂಡದು, ಭಾರ ಎತ್ತಕೂಡದು, ಕಣ್ಣು ಉಜ್ಜಕೂಡದು, ಹೆಣಿಗೆಯಂತೂ ಒಂದು ತಿಂಗಳು ಮುಟ್ಟಕೂಡದು ಅಂತ ಕೈಬೆರಳು ಎಣಿಸಿ ಹೇಳಿದರು. ಆಮಾ ಎಲ್ಲಕ್ಕೂ ತಲೆಯಾಡಿಸಿ, ಹನಿಯ ಸೀಸೆಯನ್ನು ಸೆರಗಿಗೆ ಕಟ್ಟಿಕೊಂಡರು. ಅವರ ಎಡಗಣ್ಣು ಮುಂದಿನ ಶಿಬಿರಕ್ಕೆ. ಚೀಟಿ ನಾನೇ ಬರೆದುಕೊಟ್ಟೆ.