ಅಳಿವೆಗೆ ಯಾವ ಟ್ಯಾಗ್?

ಟವರ್ ಡಿಫೆನ್ಸ್ ಗೇಮ್ ಆಡದವರಿಗಾಗಿ ಎರಡು ಮಾತು. ಒಂದು ದಾರಿ ಇರುತ್ತೆ. ಅದರಲ್ಲಿ ರಾಕ್ಷಸರು, ಭೂತಗಳು ತಂಡ ತಂಡವಾಗಿ ಬರ್ತಾರೆ. ನೀವು ದಾರಿಯ ಪಕ್ಕ ಗೋಪುರಗಳನ್ನು ಕಟ್ಟಿ ಅವರನ್ನು ತಡೀಬೇಕು. ಅಷ್ಟೇ. ಆಫೀಸಿಗೆ ಮೆಟ್ರೋ ಹತ್ತಿದರೆ ಇಳಿಯೋದರೊಳಗೆ ಮೂರು ಲೆವೆಲ್ ಆರಾಮಾಗಿ ಮುಗಿಯುತ್ತೆ.

ಈ ಲೆವೆಲ್‌ಗಳನ್ನು ಪರಿಸರದ ಪ್ರಕಾರ ವಿಂಗಡಿಸೋದು ವಾಡಿಕೆ: ಕಾಡು, ಹಿಮ, ಮರುಭೂಮಿ, ಕಡಲತೀರ. ಆದರೆ ಹಾಗೆ ಹೆಸರಿಡೋದರಿಂದ ಏನಾಗುತ್ತೆ? 2011ರಲ್ಲಿ ಬಂದ 'ಕಿಂಗ್‌ಡಮ್ ರಶ್' ನೋಡಿ. ಹಸಿರು ಬಯಲಿನಿಂದ ಹಿಮದ ಕಣಿವೆಗೆ, ಅಲ್ಲಿಂದ ಸುಟ್ಟು ಕರಕಲಾದ ನೆಲಕ್ಕೆ ಕರೆದುಕೊಂಡು ಹೋಗುತ್ತೆ. ನೆಲದ ಬಣ್ಣ ಬದಲಾಗುತ್ತೆ, ಎದುರಿಗೆ ಬರೋರು ಬದಲಾಗ್ತಾರೆ, ಬಿಲ್ಲುಗಾರರ ಗೋಪುರ ಮಾತ್ರ ಹಿಮದಲ್ಲೂ ಅದೇ ಬಾಣ ಬಿಡುತ್ತೆ. ಇದು ನೋಟದ ವಿಂಗಡಣೆ. ಅದಕ್ಕಿಂತ ಎರಡು ವರ್ಷ ಹಳೇದಾದ 'ಪ್ಲಾಂಟ್ಸ್ ವರ್ಸಸ್ ಝಾಂಬೀಸ್' ಹಾಗಲ್ಲ. ಅಲ್ಲಿ ಹಗಲು, ರಾತ್ರಿ, ಈಜುಕೊಳ, ಮಂಜು, ಛಾವಣಿ ಅಂತ ಐದು ಬಗೆ. ರಾತ್ರಿ ಆಕಾಶದಿಂದ ಬಿಸಿಲು ಉದುರಲ್ಲ. ಕೊಳದಲ್ಲಿ ಮೊದಲು ಎಲೆ ತೇಲಿಬಿಡದೆ ಗಿಡ ನೆಡೋಕಾಗಲ್ಲ. ಛಾವಣಿ ಮೇಲೆ ಕುಂಡ ಇಡಬೇಕು, ಇಳಿಜಾರು ಇರೋದರಿಂದ ನೇರ ಹಾರುವ ಬಟಾಣಿಕಾಳು ಅಲ್ಲಿ ಕೆಲಸಕ್ಕೆ ಬರಲ್ಲ. ಜಾಗದ ಹೆಸರೇ ಅಲ್ಲಿ ಕಾನೂನು.

ನನಗೆ ಎರಡನೇದೇ ಇಷ್ಟ. ಅದರಲ್ಲಿ ಒಂದು ಪ್ರಾಮಾಣಿಕತೆ ಇದೆ. ಜಾಗಕ್ಕೊಂದು ಹೆಸರು ಕೊಟ್ಟರೆ ಅಲ್ಲಿ ಯಾರು ಏನು ಮಾಡಬಹುದು, ಏನು ಮಾಡಬಾರದು ಅಂತಲೂ ಹೇಳಿದ ಹಾಗೇ ಅಂತ ಅದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತೆ.

ನಾವು ಮೂವರು ವಾರಾಂತ್ಯದಲ್ಲಿ ಕೂತು ಒಂದು ಪುಟ್ಟ ಗೇಮ್ ಮಾಡ್ತಾ ಇದ್ದೀವಿ. ಅದರ ಒಂದು ಲೆವೆಲ್‌ಗೆ ಆರಿಸಿಕೊಂಡಿದ್ದು ಕಾರವಾರದ ದೇವಬಾಗ. ಜಂಗಲ್ ಲಾಡ್ಜಸ್ ರೆಸಾರ್ಟ್‌ನಿಂದಾಗಿ ಬೆಂಗಳೂರಿನವರಿಗೆ ಹೆಸರು ಪರಿಚಯ ಇರುತ್ತೆ. ಕಾಳಿ ನದಿ ಸಮುದ್ರ ಸೇರುವಲ್ಲಿ ಉತ್ತರದ ದಡ. ಗಾಳಿಮರದ ತೋಪು, ಮರಳು, ಹಿಂದೆ ಸದಾಶಿವಗಡದ ಗುಡ್ಡ, ಎದುರಿಗೆ ಕೂರ್ಮಗಡ ದ್ವೀಪ. ಗೇಮ್‌ಗೆ ಅಂತಲೇ ಯಾರೋ ಬರೆದಿಟ್ಟ ನಕ್ಷೆ ಥರ ಇದೆ. ಬರೆದಿಟ್ಟಿದ್ದರು ಕೂಡ: ಸುಮಾರು 300 ವರ್ಷದ ಹಿಂದೆ ಸೋಂದೆಯ ಅರಸ ಬಸವಲಿಂಗ ಆ ಗುಡ್ಡದ ಮೇಲೆ ಕೋಟೆ ಕಟ್ಟಿಸಿ ಅದಕ್ಕೆ ತನ್ನ ತಂದೆಯ ಹೆಸರಿಟ್ಟ. ಆತನಿಗಿಂತ ಒಳ್ಳೆ ಲೆವೆಲ್ ಡಿಸೈನರ್ ಇನ್ಯಾರು?

ಕಷ್ಟ ಶುರುವಾಗಿದ್ದು ಎಕ್ಸೆಲ್ ಶೀಟಿನಲ್ಲಿ. ನಕ್ಷೆಯ ಪ್ರತಿ ಚೌಕಕ್ಕೂ ಒಂದು ಟ್ಯಾಗ್ ಬೇಕು: ನೆಲ, ನೀರು, ದಾರಿ, ಕಟ್ಟಬಹುದಾದ ಜಾಗ, ಅಲಂಕಾರ. ಅಳಿವೆ ಇದರಲ್ಲಿ ಯಾವುದು? ಇಳಿತದಲ್ಲಿ ಮರಳು ದಿಣ್ಣೆ ಮೇಲೇಳುತ್ತೆ, ಭರತದಲ್ಲಿ ಮುಳುಗುತ್ತೆ. ನೀರು ಒಮ್ಮೆ ಸಿಹಿ, ಒಮ್ಮೆ ಉಪ್ಪು. ಇನ್ನು ಕೂರ್ಮಗಡದ ನಡುವಿನ ನೀರಿಗೆ 'ನೀರು' ಅಂತ ಒಂದೇ ಮಾತಲ್ಲಿ ಬರೆದು ಮುಗಿಸೋಕೂ ನನ್ನ ಕೈ ಬರಲಿಲ್ಲ. ಅಲ್ಲಿನ ನರಸಿಂಹ ಜಾತ್ರೆಗೆ ಜನ ದೋಣಿಯಲ್ಲಿ ಹೋಗ್ತಾರೆ. 2019ರ ಜನವರಿಯಲ್ಲಿ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ಸತ್ತರು.

ಕಾರವಾರದವನೇ ಆದ ಗೆಳೆಯನಿಗೆ ನಕ್ಷೆ ತೋರಿಸಿದೆವು. ಅವನು ಅಳಿವೆ ಬಗ್ಗೆ ಏನೂ ಕೇಳಲಿಲ್ಲ. "ದೋಣಿ ಯಾವ ಟ್ಯಾಗಿನಲ್ಲಿ ಹಾಕೀರಿ?" ಅಂದ.

ಅಲಂಕಾರದಲ್ಲಿ. ಗಾಳಿಮರ, ಬಂಡೆ, ಒಣಗಲು ಹರವಿದ ಬಲೆ, ಗುಡಿಸಲು, ದೋಣಿ, ಎಲ್ಲ ಅದೇ ಪದರದಲ್ಲಿ. ಇದು ನಮ್ಮೊಬ್ಬರ ಪದ್ಧತಿ ಅಲ್ಲ, ಇಂಥ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಹಾಗೇ. ಗೋಪುರ ಕಟ್ಟೋಕೆ ಅಡ್ಡ ಬರಬಾರದು, ಕಣ್ಣಿಗೆ ಮಾತ್ರ ಚೆನ್ನಾಗಿರಬೇಕು. ಊರನ್ನು ಕಾಪಾಡಿ ಅಂತ ಆಟಗಾರನಿಗೆ ಹೇಳ್ತೀವಿ, ಆದರೆ ಆ ಊರಿನ ಜನರಿಗೆ ನಕ್ಷೆಯಲ್ಲಿ ಒಂದು ಚೌಕವೂ ಇರಲ್ಲ.

ಗೇಮ್ ತಾನೇ, ಬಿಡಿ ಅನ್ನಬಹುದು. ಆದರೆ ಸರ್ಕಾರದ ಹತ್ತಿರವೂ ಇಂಥದ್ದೇ ಶೀಟ್ ಇದೆ. ಕರಾವಳಿ ನಿಯಂತ್ರಣ ವಲಯ, ಅಂದ್ರೆ ಸಿಆರ್‌ಝಡ್. 1991ರಲ್ಲಿ ಮೊದಲ ಅಧಿಸೂಚನೆ, ಆಮೇಲೆ 2011, 2019. ಮರಳು ದಿಬ್ಬ, ಕಾಂಡ್ಲಾ, ಆಮೆ ಮೊಟ್ಟೆಯಿಡುವ ಜಾಗ ಎಲ್ಲ ಅತಿ ಸೂಕ್ಷ್ಮ ಅನ್ನೋ ಒಂದನೇ ವರ್ಗಕ್ಕೆ ಬರುತ್ತೆ. ಹಳ್ಳಿಗಾಡಿನ ತೀರಕ್ಕೆ ಮೂರನೇ ವರ್ಗ. 2019ರ ನಿಯಮದಲ್ಲಿ ಅದನ್ನೂ ಎರಡು ಮಾಡಿದರು. 2011ರ ಜನಗಣತಿ ಪ್ರಕಾರ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇದ್ದರೆ ಸಮುದ್ರದ ಭರತರೇಖೆಯಿಂದ 50 ಮೀಟರ್ ಏನೂ ಕಟ್ಟಬಾರದು, ಕಡಿಮೆ ಇದ್ದರೆ 200 ಮೀಟರ್. ಅದೇ ಮರಳು, ಅದೇ ಅಲೆ. ಒಂದು ಅಂಕಿ ಆಚೀಚೆ ಆದರೆ 150 ಮೀಟರ್ ವ್ಯತ್ಯಾಸ.

ವಿಂಗಡಣೆಯೇ ತಪ್ಪು ಅಂತ ನಾನು ಹೇಳ್ತಿಲ್ಲ. ಕಾಂಡ್ಲಾಗೆ ಆ ಟ್ಯಾಗ್ ಇಲ್ಲದಿದ್ದರೆ ಜೆಸಿಬಿ ತಡೆಯೋಕೆ ಕೈಯಲ್ಲಿ ಒಂದು ಕಾಗದವೂ ಇರ್ತಿರಲಿಲ್ಲ. ಹೆಸರಿಲ್ಲದ ಜಾಗ ಯಾರ ಜಾಗವೂ ಅಲ್ಲ, ಅಂದ್ರೆ ಮೊದಲು ಬಂದವನ ಜಾಗ. ನನ್ನ ತಕರಾರು ಬೇರೆ: ಶೀಟ್ ತುಂಬುವವನಿಗೆ ಆ ಜಾಗದಿಂದ ಏನೋ ಬೇಕಾಗಿರುತ್ತೆ, ಆ ಬೇಕು ಅನ್ನೋದೇ ಕಾಲಮ್ಮಿನ ಹೆಸರಾಗುತ್ತೆ. ರಂಪಣಿ ಬಲೆಯವರ ಲೆಕ್ಕ ತಗೊಳ್ಳಿ. ಬಲೆಯನ್ನು ಸಮುದ್ರದಲ್ಲಿ ಬಿಟ್ಟು ಸುತ್ತುವರಿದು, ಎರಡೂ ತುದಿಯನ್ನು ದಡದಿಂದ ಎಷ್ಟೋ ಜನ ಸೇರಿ ಎಳೀಬೇಕು. ಅದಕ್ಕೆ ಉದ್ದನೆಯ ಖಾಲಿ ತೀರ ಬೇಕು. ನಮ್ಮ ಶೀಟಿನಲ್ಲಿ 'ಖಾಲಿ' ಅಂದ್ರೆ ಕಟ್ಟಬಹುದು ಅಂತ ಅರ್ಥ. ಅವರಿಗೆ ಖಾಲಿ ಅಂದ್ರೆ ಬಳಕೆಯಲ್ಲಿದೆ ಅಂತ.

ಕಾರವಾರದವರಿಗೆ ಇದು ತತ್ವಶಾಸ್ತ್ರ ಅಲ್ಲ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಆಯ್ತು, 2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯ್ತು. ಕಾಳಿಯ ದಕ್ಷಿಣಕ್ಕೆ ಅರ್ಗಾ ಸುತ್ತಲಿನ ಹಳ್ಳಿಗಳು ಎದ್ದು ಹೋದವು, ಆ ತೀರಗಳು ಮೀನುಗಾರರ ಕೈತಪ್ಪಿದವು. ದೇಶಕ್ಕೆ ನೌಕಾನೆಲೆ ಬೇಡ ಅಂತ ಯಾರು ಹೇಳ್ತಾರೆ? ಆದರೆ 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ತಡೆಗೋಡೆ ಕೆಲಸ ಟ್ಯಾಗೋರ್ ಕಡಲತೀರದ ಹತ್ತಿರ ಶುರುವಾದಾಗ ಮೀನುಗಾರರು ಬೀದಿಗಿಳಿದರು, ಊರು ಬಂದ್ ಆಯ್ತು, ವಿಷಯ ಹೈಕೋರ್ಟಿಗೆ ಹೋಯ್ತು. ನಮಗೆ ದೋಣಿ ಎಳೆದಿಡೋಕೆ ಉಳಿದಿರೋದೇ ಈ ತೀರ ಅನ್ನೋದು ಅವರ ವಾದವಾಗಿತ್ತು. ಅಲಂಕಾರದ ಪದರ ಬಾಯಿ ಬಿಟ್ಟು ಮಾತಾಡಿದ್ದು ಅದು.

ನಮ್ಮ ಗೇಮ್‌ನಲ್ಲಿ ಈಗ ಆರನೇ ಟ್ಯಾಗ್ ಇದೆ: 'ಬಳಕೆಯಲ್ಲಿದೆ'. ದೋಣಿಗಳು ಕಡಲಿಗೆ ಹೋದಾಗ ಮಾತ್ರ ಆ ಚೌಕದಲ್ಲಿ ಗೋಪುರ ಕಟ್ಟಬಹುದು, ವಾಪಸ್ ಬರುವಷ್ಟರಲ್ಲಿ ಬಿಚ್ಚಬೇಕು. ಆಡಿ ನೋಡಿದ ಇಬ್ಬರಿಗೂ ಸಿಟ್ಟು ಬಂತು. "ಜಾಗ ಇದೆ, ದುಡ್ಡಿದೆ, ಯಾಕೆ ಕಟ್ಟೋಕೆ ಬಿಡಲ್ಲ?" ಅಂತ. ಇದು ಕೆಟ್ಟ ಗೇಮ್‌ಪ್ಲೇ, ತೆಗೆದುಹಾಕೋಣ ಅನ್ನೋದು ನಮ್ಮ ಕೋಡ್ ಬರೆಯುವವನ ವಾದ. ಚಿನ್ನದ ನಾಣ್ಯ ಕೊಟ್ಟರೆ ದೋಣಿ ಖಾಯಂ ಸರಿಸಬಹುದು ಅಂತ ಮಾಡೋಣ ಅಂತ ಇನ್ನೊಬ್ಬಳ ಸಲಹೆ. ಎಷ್ಟು ನಾಣ್ಯ ಅಂತ ನಾನು ಕೇಳಿದೆ. ಹೋದ ಭಾನುವಾರ ಮೂರು ಗಂಟೆ ಅದರಲ್ಲೇ ಹೋಯ್ತು, ಅಂಕಿ ಇನ್ನೂ ಗೊತ್ತಾಗಿಲ್ಲ.